ಪೈಲಟ್‌ಗಳು ಮರೆಯದ ರನ್‌ವೇಗಳು

ವಿಮಾನ ನಿಲ್ದಾಣವನ್ನು ಪ್ರಯಾಣಿಕರು ಅಳೆಯುವುದು ಅದರ ಕಟ್ಟಡದ ಅಂದದಿಂದ, ಭದ್ರತಾ ತಪಾಸಣೆಯ ಸಾಲಿನ ಉದ್ದದಿಂದ, ಸಾಮಾನು ಬೆಲ್ಟಿಗೆ ಬಂದು ಬೀಳಲು ಹಿಡಿಯುವ ಹೊತ್ತಿನಿಂದ. ವಿಮಾನ ನಡೆಸುವವರಿಗೆ ಇವೆಲ್ಲ ಗೌಣ. ಅವರ ಪಾಲಿಗೆ ನಿಲ್ದಾಣವೆಂದರೆ ಮೊದಲು ಒಂದು ರನ್‌ವೇ, ಅದನ್ನು ಸೇರುವ ಕೊನೆಯ ಹದಿನೈದಿಪ್ಪತ್ತು ಕಿಲೊಮೀಟರಿನ ಆಕಾಶಮಾರ್ಗ, ಮತ್ತು ಆ ಮಾರ್ಗದ ಇಕ್ಕೆಲದ ಗುಡ್ಡ, ನೀರು, ಗಾಳಿ. ವೈಮಾನಿಕ ಪರಿಭಾಷೆಯಲ್ಲಿ ‘ಅಪ್ರೋಚ್’ ಎನಿಸಿಕೊಳ್ಳುವ ಈ ಕೊನೆಯ ಹಾದಿಯೇ ನಿಲ್ದಾಣದ ನಿಜವಾದ ಗುಣವನ್ನು ನಿರ್ಧರಿಸುತ್ತದೆ. ಆದ್ದರಿಂದಲೇ ವೃತ್ತಿಜೀವನವಿಡೀ ಸಾವಿರಾರು ಬಾರಿ ನೆಲ ಮುಟ್ಟಿದವರ ಮಾತಿನಲ್ಲಿ ದುಬೈ, ಅಟ್ಲಾಂಟ, ಹೀಥ್ರೂಗಳಂಥ ದಟ್ಟಣೆಯ ನಿಲ್ದಾಣಗಳಿಗಿಂತ ಹೆಚ್ಚಾಗಿ ಕೈ ಟಾಕ್, ಫುಂಚಾಲ್, ಇನ್ಸ್‌ಬ್ರುಕ್, ಪಾರೊ, ಕ್ವೀನ್ಸ್‌ಟೌನ್, ಲೇಹ್‌ಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ.

ಈ ಒಲವಿಗೆ ಕಾರಣ ತಿಳಿಯಬೇಕಾದರೆ ಸಾಮಾನ್ಯ ನಿಲ್ದಾಣದಲ್ಲಿ ವಿಮಾನ ಇಳಿಯುವ ಬಗೆಯನ್ನು ಮೊದಲು ನೋಡಬೇಕು. ರನ್‌ವೇಯ ಆಚೆ ತುದಿಯಲ್ಲಿ ನೆಟ್ಟಿರುವ ‘ಲೋಕಲೈಸರ್’ ಎಂಬ ಆಂಟೆನಾಗಳ ಸಾಲು ವಿಮಾನವು ನಡುಗೆರೆಯಿಂದ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನೂ, ರನ್‌ವೇಯ ಪಕ್ಕದಲ್ಲಿರುವ ‘ಗ್ಲೈಡ್ ಸ್ಲೋಪ್’ ಎಂಬ ಇನ್ನೊಂದು ಆಂಟೆನಾ ಅದು ಇಳಿಜಾರಿನ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನೂ ರೇಡಿಯೊ ಸಂಕೇತಗಳ ಮೂಲಕ ಕಾಕ್‌ಪಿಟ್‌ಗೆ ತಿಳಿಸುತ್ತವೆ. ಇವೆರಡೂ ಸೇರಿದ ವ್ಯವಸ್ಥೆಗೆ ಐಎಲ್‌ಎಸ್ ಎಂದು ಹೆಸರು. ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿಯಷ್ಟಿರುತ್ತದೆ, ಅಂದರೆ ಒಂದು ನಾಟಿಕಲ್ ಮೈಲು ಅಥವಾ 1.85 ಕಿಲೊಮೀಟರ್ ಮುಂದೆ ಸಾಗುವಷ್ಟರಲ್ಲಿ ವಿಮಾನ 300 ಅಡಿಗಿಂತ ತುಸು ಹೆಚ್ಚು ಕೆಳಗಿಳಿದಿರುತ್ತದೆ. ಆಟೊಪೈಲಟ್ ಈ ಸಂಕೇತವನ್ನು ಹಿಡಿದುಕೊಂಡ ಮೇಲೆ ಪೈಲಟ್‌ಗಳ ಕೆಲಸ ಬಹುಮಟ್ಟಿಗೆ ಮೇಲ್ವಿಚಾರಣೆಯದು; ತಕ್ಕ ಸಲಕರಣೆಗಳಿರುವ ಕಡೆ ದಟ್ಟ ಮಂಜಿನಲ್ಲಿಯೂ ವಿಮಾನ ತಾನಾಗಿಯೇ ನೆಲ ಮುಟ್ಟಬಲ್ಲದು. ಇಷ್ಟೆಲ್ಲ ಸೌಕರ್ಯಕ್ಕೆ ಪ್ರತಿಯಾಗಿ ಈ ವ್ಯವಸ್ಥೆ ಕೇಳುವುದು ಒಂದನ್ನು ಮಾತ್ರ: ರನ್‌ವೇಯ ಮುಂದೆ ಹಲವು ಕಿಲೊಮೀಟರ್‌ಗಳಷ್ಟು ನೇರವಾದ, ಅಡೆತಡೆಯಿಲ್ಲದ ದಾರಿ.

ಎಲ್ಲಿ ಭೂಮಿ ಆ ನೇರ ದಾರಿಯನ್ನು ಕೊಡಲೊಪ್ಪುವುದಿಲ್ಲವೋ ಅಲ್ಲಿ ಕೊನೆಯ ಕೆಲವು ನಿಮಿಷಗಳ ಮಟ್ಟಿಗೆ ಕೆಲಸ ಉಪಕರಣದಿಂದ ಮನುಷ್ಯನ ಕಣ್ಣಿಗೂ ಕೈಗೂ ಮರಳಿ ಬರುತ್ತದೆ. ಪೈಲಟ್‌ಗಳು ಮೆಚ್ಚುವ ನಿಲ್ದಾಣಗಳ ಹಿಂದಿರುವುದು ಬಹುತೇಕ ಈ ಮರಳುವಿಕೆಯೇ ಹೊರತು ಬರಿಯ ದೃಶ್ಯವೈಭವವಲ್ಲ. ಕೆರಿಬಿಯನ್ ಸಮುದ್ರದ ಸೇಂಟ್ ಮಾರ್ಟಿನ್ ದ್ವೀಪದಲ್ಲಿರುವ ಪ್ರಿನ್ಸೆಸ್ ಜೂಲಿಯಾನಾ ನಿಲ್ದಾಣ ಇದಕ್ಕೆ ಒಳ್ಳೆಯ ನಿದರ್ಶನ. ಮಾಹೊ ಕಡಲತೀರದಲ್ಲಿ ನಿಂತವರ ತಲೆಯ ಮೇಲೆಯೇ ಎನ್ನುವಂತೆ ಸಾಗುವ ಜಂಬೋ ವಿಮಾನಗಳ ಚಿತ್ರಗಳು ಜಗತ್ತಿನಾದ್ಯಂತ ಹರಿದಾಡಿದ್ದರೂ, ಕಾಕ್‌ಪಿಟ್‌ನಲ್ಲಿ ಕುಳಿತವರಿಗೆ ಅದು ತೆರೆದ ಸಮುದ್ರದ ಮೇಲಿಂದ ನೇರವಾಗಿ ಬಂದು ಇಳಿಯುವ, 2,300 ಮೀಟರ್ ಉದ್ದದ, ತಕ್ಕಮಟ್ಟಿಗೆ ಸರಳವಾದ ರನ್‌ವೇ. ಅವರ ಗಮನ ಬೇಡುವುದು ಹೊರಡುವಾಗ: ರನ್‌ವೇಯ ಇನ್ನೊಂದು ತುದಿಯಾಚೆ ಎದ್ದುನಿಂತ ಗುಡ್ಡಗಳನ್ನು ತಪ್ಪಿಸಲು ನೆಲ ಬಿಟ್ಟ ಕೂಡಲೇ ಹೊರಳಬೇಕಾಗುತ್ತದೆ. ನೆಲದ ಮೇಲೆ ನಿಂತವನ ರೋಮಾಂಚನಕ್ಕೂ ಮೇಲೆ ಕುಳಿತವನ ಶ್ರಮಕ್ಕೂ ಇಲ್ಲಿ ನಂಟು ತೀರ ಕಡಿಮೆ.

ಈ ಎರಡೂ ಒಂದಾಗಿದ್ದ ಸ್ಥಳ ಹಾಂಗ್‌ಕಾಂಗ್‌ನ ಕೈ ಟಾಕ್. ನಿಲ್ದಾಣ ಮುಚ್ಚಿ ಕಾಲು ಶತಮಾನ ದಾಟಿದ್ದರೂ ಹಿರಿಯ ಪೈಲಟ್‌ಗಳು ಮೊದಲು ಹೇಳುವ ಹೆಸರು ಇಂದಿಗೂ ಅದೇ. ಕೈ ಹೋ ಕೈ ಮತ್ತು ಔ ಟಾಕ್ ಎಂಬ ಇಬ್ಬರು ಉದ್ಯಮಿಗಳು ವಸತಿ ಬಡಾವಣೆಗೆಂದು ಸಮುದ್ರ ತುಂಬಿಸಿ ಪಡೆದ ಜಾಗವು ಉದ್ದೇಶ ಕೈಗೂಡದೆ ಉಳಿದು, 1925ರ ಹೊತ್ತಿಗೆ ಹಾರಾಟದ ಮೈದಾನವಾಯಿತು. 1958ರಲ್ಲಿ ಕೊಲ್ಲಿಯೊಳಕ್ಕೆ ಚಾಚಿಕೊಂಡ ಹೊಸ ರನ್‌ವೇ ಸಿದ್ಧವಾಯಿತು. ಮುಂದೆ ಅದನ್ನು ಸುಮಾರು 3,390 ಮೀಟರ್‌ವರೆಗೆ ಬೆಳೆಸಲಾಯಿತು. ಆಗ್ನೇಯಕ್ಕೆ ಮುಖ ಮಾಡಿದ ಈ ಪಟ್ಟಿಯ ಮೂರು ಕಡೆ ನೀರು. ವಾಯವ್ಯದ ತುದಿಗೆ ಮಾತ್ರ ಕೌಲೂನ್ ನಗರದ ಕಿಕ್ಕಿರಿದ ಕಟ್ಟಡಗಳು, ಅವುಗಳ ಬೆನ್ನಿಗೆ ಸಾಲು ಬೆಟ್ಟಗಳು. ಗಾಳಿ ವಾಯವ್ಯದಿಂದ ಬೀಸಿದರೆ ವಿಮಾನಗಳು ಕೊಲ್ಲಿಯ ಮೇಲಿಂದ ಸಾಮಾನ್ಯ ಐಎಲ್‌ಎಸ್ ನೆರವಿನಿಂದಲೇ ಇಳಿಯಬಹುದಿತ್ತು. ಗಾಳಿ ದಿಕ್ಕು ಬದಲಿಸಿ ಆಗ್ನೇಯದಿಂದ ಬೀಸತೊಡಗಿದಾಗ, ಗಾಳಿಗೆ ಎದುರಾಗಿಯೇ ಇಳಿಯಬೇಕೆಂಬ ವಿಮಾನಯಾನದ ಮೂಲನಿಯಮದಂತೆ, ನಗರದ ಕಡೆಯಿಂದ ಬರುವುದು ಅನಿವಾರ್ಯವಾಗುತ್ತಿತ್ತು; ಆ ಕಡೆ ನೇರ ದಾರಿಗೆ ಬೆಟ್ಟಗಳು ಎಡೆಯನ್ನೇ ಇಟ್ಟಿರಲಿಲ್ಲ.

1974ರಲ್ಲಿ ಕಂಡುಕೊಂಡ ಪರಿಹಾರ ವಿಲಕ್ಷಣವಾಗಿತ್ತು. ರೇಡಿಯೊ ಸಂಕೇತದ ಗೆರೆಯನ್ನು ರನ್‌ವೇಯ ಕಡೆಗೆ ಎಳೆಯುವ ಬದಲು, ಪಶ್ಚಿಮದಿಂದ ಕೌಲೂನ್‌ನ ಮೇಲೆ ಹಾಯ್ದು ಬರುವಂತೆ ಒಂದು ಗುಡ್ಡದ ಕಡೆಗೆ ಎಳೆಯಲಾಯಿತು. ಸಂಕೇತ ರನ್‌ವೇಗೆ ತಲುಪಿಸುವುದಿಲ್ಲವಾದ್ದರಿಂದ ಇದಕ್ಕೆ ಐಎಲ್‌ಎಸ್ ಎಂದು ಕರೆಯದೆ ಐಜಿಎಸ್, ಅಂದರೆ ಉಪಕರಣ ಮಾರ್ಗದರ್ಶನ ವ್ಯವಸ್ಥೆ, ಎಂದೇ ಬೇರೆ ಹೆಸರಿಟ್ಟರು. ಎದುರಿನ ಗುಡ್ಡದ ಮೈಗೆ ಕಿತ್ತಳೆ ಮತ್ತು ಬಿಳಿ ಬಣ್ಣದ ದೊಡ್ಡ ದೊಡ್ಡ ಚೌಕಗಳನ್ನು ಬಳಿಯಲಾಗಿತ್ತು. ಪೈಲಟ್ ಸಂಕೇತವನ್ನು ಅನುಸರಿಸಿ ಮೋಡದಿಂದ ಕೆಳಗಿಳಿದು, ಈ ಚೌಕಗಳು ಕಣ್ಣಿಗೆ ಬಿದ್ದವೆಂದು ಖಚಿತಪಡಿಸಿಕೊಂಡ ಬಳಿಕ, ಸುಮಾರು 650 ಅಡಿ ಎತ್ತರದಲ್ಲಿ ಆಟೊಪೈಲಟ್ ಬಿಡಿಸಿ, ವಿಮಾನವನ್ನು ಬಲಕ್ಕೆ ವಾಲಿಸಿ 47 ಡಿಗ್ರಿಯಷ್ಟು ತಿರುಗಿಸಬೇಕಿತ್ತು. ಚೌಕಗಳು ಕಾಣದಿದ್ದರೆ ಮುಂದುವರಿಯುವ ಮಾತೇ ಇರಲಿಲ್ಲ, ಏಕೆಂದರೆ ಆ ಸಂಕೇತ ನೇರವಾಗಿ ಒಯ್ಯುವುದು ಗುಡ್ಡಕ್ಕೇ. ತಿರುವಿನ ಹಾದಿಯನ್ನು ತೋರಿಸಲು ಕಟ್ಟಡಗಳ ಮಾಳಿಗೆಗಳ ಮೇಲೆ ಮಿನುಗುವ ದೀಪಗಳಿದ್ದವು. ತಿರುವು ಮುಗಿದು ರೆಕ್ಕೆಗಳು ಸಮತಲಕ್ಕೆ ಬರುವ ಹೊತ್ತಿಗೆ ವಿಮಾನ ನೆಲದಿಂದ 150 ಅಡಿಯ ಆಸುಪಾಸಿನಲ್ಲಿರುತ್ತಿತ್ತು. ಬೋಯಿಂಗ್ 747ರ ರೆಕ್ಕೆಗಳ ತುದಿಯಿಂದ ತುದಿಗೆ ಇರುವ ಅಂತರ ಹೆಚ್ಚುಕಡಿಮೆ 200 ಅಡಿ ಎಂಬುದನ್ನು ಜೊತೆಗಿಟ್ಟು ನೋಡಿದರೆ ಈ ಸಂಖ್ಯೆಯ ಅರ್ಥ ಸ್ಪಷ್ಟವಾಗುತ್ತದೆ.

ತಿರುವಿನ ನಿಜವಾದ ಕಷ್ಟ ಇದ್ದದ್ದು ಗಾಳಿಯಲ್ಲಿ. ನೈಋತ್ಯದ ಗಾಳಿ ವಿಮಾನವನ್ನು ಹಿಂದಿನಿಂದಲೂ ಬಲಬದಿಯಿಂದಲೂ ತಳ್ಳುವುದರಿಂದ ತಿರುವು ಉದ್ದೇಶಿಸಿದ್ದಕ್ಕಿಂತ ಅಗಲವಾಗಿ, ರೆಕ್ಕೆ ಸಮಗೊಳ್ಳುವಷ್ಟರಲ್ಲಿ ವಿಮಾನ ನಡುಗೆರೆಯನ್ನು ದಾಟಿ ಎಡಕ್ಕೆ ಸರಿದುಬಿಟ್ಟಿರುತ್ತಿತ್ತು. ಅದನ್ನು ಸರಿಪಡಿಸಲು ಉಳಿದಿರುತ್ತಿದ್ದುದು ಕೆಲವೇ ಸೆಕೆಂಡು. ನಗರವೂ ಈ ಹಾರಾಟಕ್ಕೆ ಒಗ್ಗಿಕೊಂಡೇ ಬದುಕಿತ್ತು. ಪೈಲಟ್‌ಗಳು ಜಾಹೀರಾತು ದೀಪವನ್ನು ಮಾರ್ಗದೀಪವೆಂದು ತಪ್ಪು ತಿಳಿಯಬಾರದೆಂದು ಆ ಪ್ರದೇಶದಲ್ಲಿ ಮಿನುಗುವ ನಿಯಾನ್ ಫಲಕಗಳಿಗೆ ನಿಷೇಧವಿತ್ತು. ಕೌಲೂನ್‌ನ ಕಟ್ಟಡಗಳ ಎತ್ತರಕ್ಕೂ ಮಿತಿಯಿತ್ತು. ಇಷ್ಟೊಂದು ಬಿಗಿಯಾದ ಅಪ್ರೋಚ್ ಇದ್ದೂ, ಈ ಕೊನೆಯ ತಿರುವಿನಲ್ಲಿ ಕೆಟ್ಟ ಹೆಸರು ಬರುವಷ್ಟು ದುರಂತಗಳು ಸಂಭವಿಸಲಿಲ್ಲ. 1993ರ ನವೆಂಬರ್ 4ರಂದು ಚಂಡಮಾರುತದ ಪ್ರಭಾವವಿದ್ದಾಗ ಇಳಿದ ಚೀನಾ ಏರ್‌ಲೈನ್ಸ್‌ನ 747 ವಿಮಾನ ರನ್‌ವೇಯ ತುದಿಯಲ್ಲಿ ನಿಲ್ಲದೆ ಕೊಲ್ಲಿಗೆ ಜಾರಿದರೂ ಒಳಗಿದ್ದವರೆಲ್ಲ ಬದುಕುಳಿದರು. ನೀರಿನಿಂದ ಮೇಲಕ್ಕೆ ಎದ್ದು ನಿಂತಿದ್ದ ಅದರ ಬಾಲ ರೇಡಿಯೊ ಸಂಕೇತಗಳಿಗೆ ಅಡ್ಡಿಯಾಗುತ್ತಿದ್ದ ಕಾರಣ ಅದನ್ನು ಸ್ಫೋಟಿಸಿ ತೆಗೆಯಬೇಕಾಯಿತು. 1998ರ ಜುಲೈ 6ರಂದು ಕೈ ಟಾಕ್ ಮುಚ್ಚಿ ಚೆಕ್ ಲಾಪ್ ಕಾಕ್‌ನ ಹೊಸ ನಿಲ್ದಾಣ ತೆರೆಯಿತು. ಎತ್ತರದ ಮಿತಿ ಸಡಿಲಗೊಂಡ ಮೇಲೆ ಕೌಲೂನ್‌ನಲ್ಲಿ ಗೋಪುರಗಳು ಎದ್ದವು, ಹಳೆಯ ರನ್‌ವೇಯ ತುದಿಗೆ 2013ರಲ್ಲಿ ಪ್ರವಾಸಿ ಹಡಗುಗಳ ಕಟ್ಟೆ ಬಂತು. ಹೊಸ ನಿಲ್ದಾಣ ಎಲ್ಲ ಲೆಕ್ಕದಲ್ಲೂ ಉತ್ತಮವಾದುದೇ. ಆದರೆ ಅದರ ಅಪ್ರೋಚ್ ಬಗ್ಗೆ ಪೈಲಟ್‌ಗಳು ಕುಳಿತು ಮಾತಾಡಿದ್ದು ಅಪರೂಪ.

ಕೈ ಟಾಕ್‌ನಲ್ಲಿ ಅಡ್ಡಿ ನೆಲದ್ದಾದರೆ, ಪೋರ್ಚುಗಲ್‌ಗೆ ಸೇರಿದ ಮದೈರಾ ದ್ವೀಪದ ಫುಂಚಾಲ್‌ನಲ್ಲಿ ಅದು ಮುಖ್ಯವಾಗಿ ಗಾಳಿಯದು. ಅಟ್ಲಾಂಟಿಕ್ ನಡುವೆ ಜ್ವಾಲಾಮುಖಿಯಿಂದ ಎದ್ದ ಈ ದ್ವೀಪದ ಶಿಖರ 1,860 ಮೀಟರ್ ಮೀರುತ್ತದೆ. ನಿಲ್ದಾಣವಿರುವುದು ಅದರ ಆಗ್ನೇಯ ದಡದಲ್ಲಿ, ಬೆಟ್ಟ ಮತ್ತು ಕಡಲಿನ ನಡುವಿನ ಇಕ್ಕಟ್ಟಿನಲ್ಲಿ. ಉತ್ತರದಿಂದ ಬೀಸುವ ಗಾಳಿ ಬೆಟ್ಟಸಾಲನ್ನು ಹತ್ತಿಳಿದು ರನ್‌ವೇಯ ಮೇಲೆ ಸುಳಿಗಟ್ಟುವ ರೀತಿ, ಹೊಳೆಯ ನಡುವಿನ ಬಂಡೆಯ ಹಿಂದೆ ನೀರು ಸುಳಿಯುವುದಕ್ಕಿಂತ ಬೇರೆಯಲ್ಲ. ವ್ಯತ್ಯಾಸವೆಂದರೆ ಈ ಸುಳಿ ಕಣ್ಣಿಗೆ ಕಾಣುವುದಿಲ್ಲ. ನೈಋತ್ಯ ತುದಿಯಿಂದ ಇಳಿಯುವ ವಿಮಾನ ಸಮುದ್ರದ ಮೇಲಿಂದ ದಡದ ಕಡೆಗೆ ಸಾಗಿ, ಬೆಟ್ಟದ ಇಳಿಜಾರು ಎದುರಾದಂತೆ ಬಲಕ್ಕೆ ಹೊರಳಿ, ಮನೆಗಳ ಹೆಂಚಿನ ಮಾಡುಗಳನ್ನು ಎಡಗಡೆಗಿಟ್ಟುಕೊಂಡು, ಬಹಳ ಕೆಳಮಟ್ಟದಲ್ಲಿ ರನ್‌ವೇಯ ಗೆರೆಗೆ ಬಂದು ಸೇರುತ್ತದೆ. ಒಂದೇ ಇಳಿಕೆಯಲ್ಲಿ ಎದುರುಗಾಳಿ, ಅಡ್ಡಗಾಳಿ, ಕೆಳಮುಖದ ಗಾಳಿ ಮೂರೂ ಸಿಕ್ಕಬಹುದು.

1964ರಲ್ಲಿ ತೆರೆದಾಗ ಇಲ್ಲಿಯ ರನ್‌ವೇ ಬರಿಯ 1,600 ಮೀಟರ್ ಉದ್ದವಿತ್ತು. 1977ರ ನವೆಂಬರ್ 19ರ ಮಳೆಯ ರಾತ್ರಿ ಪೋರ್ಚುಗಲ್‌ನ ಟ್ಯಾಪ್ ಸಂಸ್ಥೆಯ ಬೋಯಿಂಗ್ 727 ರನ್‌ವೇ ದಾಟಿ ಕೆಳಗೆ ಬಿದ್ದು 131 ಮಂದಿ ಸತ್ತರು. ಬಳಿಕ ರನ್‌ವೇಯನ್ನು ಮೊದಲು 1,800 ಮೀಟರ್‌ಗೂ, 2000ದಲ್ಲಿ 2,781 ಮೀಟರ್‌ಗೂ ಉದ್ದ ಮಾಡಲಾಯಿತು. ಎರಡನೆಯ ವಿಸ್ತರಣೆಗೆ ನೆಲವೇ ಇರಲಿಲ್ಲವಾದ್ದರಿಂದ ಸಮುದ್ರದಂಚಿನಲ್ಲಿ ಸುಮಾರು 70 ಮೀಟರ್ ಎತ್ತರದ 180 ಕಂಬಗಳನ್ನು ನಿಲ್ಲಿಸಿ ಅವುಗಳ ಮೇಲೆ ರನ್‌ವೇಯನ್ನು ಹಾಸಲಾಗಿದೆ. ವಿಮಾನ ಇಳಿಯುವ ಈ ಸೇತುವೆಯ ಅಡಿಯಲ್ಲಿ ರಸ್ತೆಯೇ ಹಾದುಹೋಗುತ್ತದೆ. ಕಾಂಕ್ರೀಟು ಉದ್ದದ ಸಮಸ್ಯೆಯನ್ನು ಬಗೆಹರಿಸಿತು, ಗಾಳಿಯದನ್ನಲ್ಲ. ಬಹಳಷ್ಟು ನಿಲ್ದಾಣಗಳಲ್ಲಿ ಗಾಳಿಯ ಮಿತಿ ವಿಮಾನದ ತಾಂತ್ರಿಕ ಸಾಮರ್ಥ್ಯ ಮತ್ತು ಕ್ಯಾಪ್ಟನ್‌ರ ವಿವೇಚನೆಗೆ ಬಿಟ್ಟದ್ದಾದರೆ, ಇಲ್ಲಿ ಅದು ಕಡ್ಡಾಯದ ನಿಯಮ: ಗಾಳಿಯ ವೇಗ ನಿಗದಿತ ಅಂಕಿ ದಾಟಿದರೆ ಎಷ್ಟೇ ಅನುಭವಿಯಾದರೂ ಇಳಿಯುವಂತಿಲ್ಲ, ಪಕ್ಕದ ಪೋರ್ಟೊ ಸಾಂಟೊ ದ್ವೀಪಕ್ಕೋ ಕೆನರಿ ದ್ವೀಪಗಳಿಗೋ ಹೊರಳಬೇಕು. 2017ರಿಂದ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊ ಅವರ ಹೆಸರು ಹೊತ್ತಿರುವ ಈ ನಿಲ್ದಾಣವನ್ನು ಪೈಲಟ್‌ಗಳು ಈಗಲೂ ಫುಂಚಾಲ್ ಎಂದೇ ಕರೆಯುವುದು ವಾಡಿಕೆ.

ಇಂಥ ಕಡೆಗೆ ಯಾರನ್ನು ಬೇಕಾದರೂ ಕಳುಹಿಸಲಾಗುವುದಿಲ್ಲ. ಯುರೋಪಿನ ನಿಯಮಗಳ ಪ್ರಕಾರ ವಿಮಾನಯಾನ ಸಂಸ್ಥೆಗಳು ತಾವು ಹೋಗುವ ನಿಲ್ದಾಣಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತವೆ. ಎ ದರ್ಜೆಯವಕ್ಕೆ ವಿಶೇಷ ಸಿದ್ಧತೆ ಬೇಡ. ಬಿ ದರ್ಜೆಗೆ ಮುಂಚಿತವಾಗಿ ಅಧ್ಯಯನ ಬೇಕು. ಸಿ ದರ್ಜೆಯ ನಿಲ್ದಾಣಕ್ಕೆ ಹೋಗುವ ಕ್ಯಾಪ್ಟನ್ ಮೊದಲು ಅನುಭವಿಗಳೊಂದಿಗೆ ಅಲ್ಲಿಗೆ ಹಾರಿರಬೇಕು, ಇಲ್ಲವೇ ಸಿಮ್ಯುಲೇಟರ್‌ನಲ್ಲಿ, ಅಂದರೆ ಕಾಕ್‌ಪಿಟ್‌ನ ಪ್ರತಿರೂಪದ ತರಬೇತಿ ಯಂತ್ರದಲ್ಲಿ, ಆ ಅಪ್ರೋಚನ್ನು ಅಭ್ಯಾಸ ಮಾಡಿರಬೇಕು. ಫುಂಚಾಲ್ ಮತ್ತು ಆಲ್ಪ್ಸ್ ನಡುವಿನ ಇನ್ಸ್‌ಬ್ರುಕ್ ಸಾಮಾನ್ಯವಾಗಿ ಈ ಕೊನೆಯ ದರ್ಜೆಯಲ್ಲಿರುತ್ತವೆ. ಇನ್ಸ್‌ಬ್ರುಕ್‌ನಲ್ಲಿ ದಕ್ಷಿಣದಿಂದ ಬೆಟ್ಟ ದಾಟಿ ಬರುವ ‘ಫೋನ್’ ಎಂಬ ಬೆಚ್ಚನೆಯ ಒಣಗಾಳಿ ಎದ್ದ ದಿನಗಳಲ್ಲಿ ಇನ್ ನದಿಯ ಕಣಿವೆಯೊಳಗಿನ ಹಾರಾಟ ಮೈ ಕುಲುಕಿಸುವಂಥದು. ಈ ದರ್ಜೆಯ ಪಟ್ಟಿ ಒಂದರ್ಥದಲ್ಲಿ ಪೈಲಟ್‌ಗಳ ಅಚ್ಚುಮೆಚ್ಚಿನ ನಿಲ್ದಾಣಗಳ ಅಧಿಕೃತ ಪಟ್ಟಿಯೂ ಹೌದೆಂದರೆ ತಪ್ಪಾಗಲಾರದು. ಹೆಚ್ಚಿನ ತರಬೇತಿ ಬೇಡುವ ಕೆಲಸದಲ್ಲಿಯೇ ಕುಶಲಕರ್ಮಿಗೆ ಹೆಚ್ಚಿನ ತೃಪ್ತಿ ಇರುತ್ತದೆ.

ಹಿಮಾಲಯದಲ್ಲಿ ಇದಕ್ಕೆ ಮೂರನೆಯ ಅಂಶವೊಂದು ಸೇರುತ್ತದೆ, ಅದು ಎತ್ತರ. ಭೂತಾನಿನ ಪಾರೊ ಸಮುದ್ರಮಟ್ಟದಿಂದ 2,200 ಮೀಟರ್‌ಗಿಂತ ಮೇಲಿದ್ದು, ಸುತ್ತಲಿನ ಬೆಟ್ಟಗಳು 5,500 ಮೀಟರ್‌ವರೆಗೂ ಏರುತ್ತವೆ. ಸರ್ಕಾರಿ ಸಂಸ್ಥೆಯಾದ ಡ್ರುಕ್ ಏರ್ 1983ರಲ್ಲಿ ಚಿಕ್ಕ ಡಾರ್ನಿಯರ್ ವಿಮಾನದಿಂದ ಕೋಲ್ಕತ್ತಕ್ಕೆ ಸೇವೆ ಆರಂಭಿಸಿದ ಮೇಲೆ ಕ್ರಮೇಣ ಜೆಟ್‌ಗಳು ಬಂದವು, 2004ರಲ್ಲಿ ಏರ್‌ಬಸ್ ಎ319 ಬಂತು. ಆದರೆ ಕಣಿವೆ ಮಾತ್ರ ಇದ್ದಂತೆಯೇ ಇದೆ. ಇಲ್ಲಿ ಹಾರಾಟ ಹಗಲಿನಲ್ಲಿ ಮಾತ್ರ, ಅದೂ ಕಣ್ಣಿಗೆ ದಾರಿ ನಿಚ್ಚಳವಾಗಿ ಕಾಣುವಾಗ ಮಾತ್ರ. ವಿಶೇಷ ತರಬೇತಿ ಪಡೆದ ಕೆಲವೇ ಪೈಲಟ್‌ಗಳಿಗೆ ಅನುಮತಿ. ವಿಮಾನ ಕಣಿವೆಯ ಅಂಕುಡೊಂಕುಗಳಲ್ಲಿ ಎಡಕ್ಕೂ ಬಲಕ್ಕೂ ವಾಲುತ್ತ ಸಾಗುವಾಗ, ಇಂತಿಂಥ ಮನೆ ಕಂಡಾಗ ಇಷ್ಟು ಎತ್ತರ, ಇಂತಿಂಥ ಏಣು ದಾಟಿದಾಗ ಇಷ್ಟು ವೇಗ ಎಂಬ ನೆಲದ ಗುರುತುಗಳೇ ಪೈಲಟ್‌ಗೆ ಆಧಾರ. ರನ್‌ವೇ ಪೂರ್ತಿಯಾಗಿ ಕಾಣಿಸಿಕೊಳ್ಳುವುದು ಕೊನೆಯ ತಿರುವಿನಲ್ಲಿ. ಕಿಟಕಿಯ ಪಕ್ಕದ ಪ್ರಯಾಣಿಕರಿಗೆ ರೆಕ್ಕೆಯ ತುದಿಗಿಂತ ಮೇಲ್ಗಡೆ ಬೆಟ್ಟದ ಮನೆಗಳು ಕಾಣುವುದು ಇಲ್ಲಿ ಸಾಮಾನ್ಯ.

ಎತ್ತರದಲ್ಲಿ ಗಾಳಿ ತೆಳುವಾಗುವುದರ ಪರಿಣಾಮ ಲೇಹ್‌ನಲ್ಲಿ ಇನ್ನೂ ಸ್ಪಷ್ಟ. ಲಡಾಖ್‌ನ ಕುಶೋಕ್ ಬಕುಲ ರಿಂಪೋಚೆ ನಿಲ್ದಾಣ 3,256 ಮೀಟರ್ ಎತ್ತರದಲ್ಲಿದೆ; ಅಲ್ಲಿಯ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ಸುಮಾರು ಶೇ 28ರಷ್ಟು ಕಡಿಮೆ. ರೆಕ್ಕೆಗೆ ಬೇಕಾದಷ್ಟು ಎತ್ತುಬಲ ಒದಗಬೇಕಾದರೆ ತೆಳುಗಾಳಿಯಲ್ಲಿ ವಿಮಾನ ಹೆಚ್ಚು ವೇಗವಾಗಿ ಸಾಗಬೇಕು. ವೇಗಮಾಪಕವು ಗಾಳಿಯ ಒತ್ತಡವನ್ನೇ ಅಳೆಯುವುದರಿಂದ ಅದು ಬೆಂಗಳೂರಿನಲ್ಲಿ ತೋರಿಸುವ ಅಂಕಿಯನ್ನೇ ಇಲ್ಲಿಯೂ ತೋರಿಸುತ್ತಿರುತ್ತದೆ. ಆದರೆ ನೆಲದ ಲೆಕ್ಕದಲ್ಲಿ ವಿಮಾನ ಸಮುದ್ರಮಟ್ಟದ ನಿಲ್ದಾಣದಲ್ಲಿ ಇಳಿಯುವುದಕ್ಕಿಂತ ಸುಮಾರು ಶೇ 17ರಷ್ಟು ವೇಗವಾಗಿ ನುಗ್ಗುತ್ತಿರುತ್ತದೆ, ಬ್ರೇಕುಗಳು ಹೀರಬೇಕಾದ ಶಕ್ತಿ ಶೇ 35ಕ್ಕಿಂತಲೂ ಹೆಚ್ಚಾಗುತ್ತದೆ. ಎಂಜಿನ್‌ಗಳೂ ತೆಳುಗಾಳಿಯಲ್ಲಿ ಸೊರಗುತ್ತವೆ. ಮಧ್ಯಾಹ್ನವಾದಂತೆ ಬಿಸಿಲಿಗೆ ಗಾಳಿ ಇನ್ನಷ್ಟು ತೆಳುವಾಗಿ, ಕಣಿವೆಯ ಗಾಳಿಯೂ ಜೋರಾಗುವುದರಿಂದ ಪ್ರಯಾಣಿಕ ವಿಮಾನಗಳ ಓಡಾಟ ಬಹುತೇಕ ಬೆಳಗಿನ ಹೊತ್ತಿಗೆ ಸೀಮಿತ. ರನ್‌ವೇಯ ಒಂದು ಕಡೆ ಬೆಟ್ಟ ಏರಿರುವ ಕಾರಣ ಸಾಮಾನ್ಯವಾಗಿ ಒಂದು ದಿಕ್ಕಿನಿಂದ ಇಳಿದು, ಅದರ ವಿರುದ್ಧ ದಿಕ್ಕಿಗೇ ಮೇಲೇರಬೇಕಾಗುತ್ತದೆ.

ಲೇಹ್‌ಗೆ ಮೊದಲ ವಿಮಾನ ಇಳಿದ ಪ್ರಸಂಗದಲ್ಲಿ ಕೊಡಗಿನವರೊಬ್ಬರ ಪಾಲಿದೆ. 1948ರ ಬೇಸಿಗೆಯಲ್ಲಿ ಪಾಕಿಸ್ತಾನ ಬೆಂಬಲಿತ ದಾಳಿಕೋರರು ಲೇಹ್ ಸಮೀಪಿಸುತ್ತಿದ್ದಾಗ ರಸ್ತೆಯ ಮೂಲಕ ಸಕಾಲಕ್ಕೆ ಸೈನ್ಯ ತಲುಪಿಸುವ ದಾರಿಯಿರಲಿಲ್ಲ. ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಸ್ಥಳೀಯರನ್ನು ಸೇರಿಸಿಕೊಂಡು ಸಿಂಧೂ ನದಿಯ ಬಳಿಯ ಮರಳುನೆಲವನ್ನು ಸಮಮಾಡಿ ತಾತ್ಕಾಲಿಕ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಅದರ ಮೇಲೆ ಡಕೋಟ ವಿಮಾನವನ್ನು ಇಳಿಸಿದಾಗ ಅದರಲ್ಲಿದ್ದವರು ಮಡಿಕೇರಿಯಲ್ಲಿ ಹುಟ್ಟಿದ, ಮುಂದೆ ಭೂಸೇನೆಯ ಮುಖ್ಯಸ್ಥರಾದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ಸೌಲಭ್ಯವೇ ಇಲ್ಲದ, ಅಂಥ ಎತ್ತರಕ್ಕೆಂದು ಎಂದೂ ರೂಪಿಸದ ವಿಮಾನವದು. ಮಾರ್ಗದ ನಕಾಶೆಗಳೂ ಇರಲಿಲ್ಲ. ಆ ಬಳಿಕ ಸೈನಿಕರನ್ನು ಹೊತ್ತ ಡಕೋಟಗಳು ಅದೇ ದಾರಿ ಹಿಡಿದವು. ಇಂದಿನ ಪೈಲಟ್‌ಗಳು ಲೇಹ್‌ಗಾಗಿ ಮಾಡುವ ದೀರ್ಘ ಸಿದ್ಧತೆಯ ಪಕ್ಕದಲ್ಲಿಟ್ಟು ನೋಡಿದರೆ ಆ ಇಳಿಕೆಯನ್ನು ಯಾವ ದರ್ಜೆಗೆ ಸೇರಿಸಬೇಕೋ ತಿಳಿಯದು.

ನೇಪಾಳದ ಲುಕ್ಲಾ ಇವೆಲ್ಲಕ್ಕಿಂತ ಪ್ರಸಿದ್ಧವಾದರೂ ಅಲ್ಲಿಗೆ ಹೋಗುವುದು ಪುಟ್ಟ ವಿಮಾನಗಳು ಮಾತ್ರ. 1964ರಲ್ಲಿ ಎಡ್ಮಂಡ್ ಹಿಲರಿಯವರ ಮುಂದಾಳತನದಲ್ಲಿ ನಿರ್ಮಾಣವಾದ 527 ಮೀಟರ್ ಉದ್ದದ ಈ ರನ್‌ವೇಯ ಒಂದು ತುದಿಗೆ ಪ್ರಪಾತ, ಇನ್ನೊಂದು ತುದಿಗೆ ಬೆಟ್ಟದ ಗೋಡೆ. ನಡುವೆ ಸುಮಾರು ಶೇ 12ರಷ್ಟು ಏರು. ಏರು ಇಳಿದ ವಿಮಾನವನ್ನು ತಡೆಯುತ್ತದೆ, ಹೊರಡುವ ವಿಮಾನಕ್ಕೆ ವೇಗ ಕೊಡುತ್ತದೆ. ಆದರೆ ಇಳಿಯಲು ಹತ್ತಿರ ಬಂದ ಮೇಲೆ ಮನಸ್ಸು ಬದಲಿಸಿ ಮೇಲಕ್ಕೇರಲು ಅಲ್ಲಿ ಜಾಗವಿಲ್ಲ. ಸ್ಕಾಟ್ಲೆಂಡಿನ ಬಾರಾ ದ್ವೀಪದಲ್ಲಿ ಇದಕ್ಕೆ ತದ್ವಿರುದ್ಧವಾದ ಸೌಮ್ಯತೆ: ಟ್ವಿನ್ ಆಟರ್ ವಿಮಾನಗಳು ಅಲ್ಲಿ ನೇರವಾಗಿ ಕಡಲತೀರದ ಗಟ್ಟಿ ಮರಳಿನ ಮೇಲೆ ಇಳಿಯುತ್ತವೆ, ಭರತ ಬಂದಾಗ ರನ್‌ವೇಗಳು ಮುಳುಗುವುದರಿಂದ ವೇಳಾಪಟ್ಟಿ ಉಬ್ಬರವಿಳಿತಕ್ಕೆ ತಕ್ಕಂತೆ ಬದಲಾಗುತ್ತದೆ.

ಇಂಥ ಜಾಗಗಳ ಕಷ್ಟವನ್ನು ತಂತ್ರಜ್ಞಾನ ಒಂದೊಂದಾಗಿ ಕರಗಿಸುತ್ತ ಬಂದಿದೆ. ಬೆಟ್ಟ ಮತ್ತು ಜಲಸಂಧಿಯ ನಡುವೆ ಸಿಕ್ಕಿಕೊಂಡಿರುವ ಅಲಾಸ್ಕಾದ ಜೂನೊ ನಗರಕ್ಕೆ ಅಲಾಸ್ಕಾ ಏರ್‌ಲೈನ್ಸ್ 1996ರಲ್ಲಿ ಬಳಸತೊಡಗಿದ ಆರ್‌ಎನ್‌ಪಿ ಎಂಬ ಪದ್ಧತಿಯಲ್ಲಿ, ಉಪಗ್ರಹ ಸಂಕೇತ ಮತ್ತು ವಿಮಾನದೊಳಗಿನ ಚಲನಮಾಪಕಗಳ ನೆರವಿನಿಂದ ಕಂಪ್ಯೂಟರ್ ತಾನಿರುವ ಜಾಗವನ್ನು ನಿಖರವಾಗಿ ತಿಳಿದುಕೊಂಡು, ಕಣಿವೆಯ ತಿರುವಿಗೆ ತಕ್ಕಂತೆ ಬಾಗಿದ ಹಾದಿಯಲ್ಲೇ ವಿಮಾನವನ್ನು ಇಳಿಸುತ್ತದೆ. ನೆಲದ ಮೇಲೆ ಆಂಟೆನಾ ಬೇಕಿಲ್ಲ, ನೇರ ದಾರಿಯೂ ಬೇಕಿಲ್ಲ. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್‌ನಲ್ಲಿಯೂ ಇದೇ ಪದ್ಧತಿ ಮೋಡದ ದಿನಗಳ ರದ್ದತಿಯನ್ನು ತಗ್ಗಿಸಿತು. ಕೈ ಟಾಕ್ ಇಂದಿಗೂ ಇದ್ದಿದ್ದರೆ ಆ ಬಲ ತಿರುವನ್ನೂ ಬಹುಶಃ ಕಂಪ್ಯೂಟರೇ ತೆಗೆದುಕೊಳ್ಳುತ್ತಿತ್ತು. ಇದನ್ನು ನಷ್ಟವೆಂದು ಹಲುಬುವ ಪೈಲಟ್‌ಗಳಿದ್ದಾರೆ. ಹಿಂದಿನ ಸಾಲುಗಳಲ್ಲಿ ಕುಳಿತವರ ದೃಷ್ಟಿಯಿಂದ ಆ ಹಲುಬಾಟಕ್ಕೆ ಬೆಲೆ ಕೊಡಬೇಕಾಗಿಲ್ಲ.

ಏಕೆಂದರೆ ಸುರಕ್ಷತೆಯ ತತ್ವ ಬಯಸುವುದು ನೆನಪಿನಲ್ಲಿ ಉಳಿಯದ ಇಳಿಕೆಯನ್ನು. ‘ಸ್ಥಿರಗೊಂಡ ಅಪ್ರೋಚ್’ ಎಂಬ ನಿಯಮದಂತೆ ವಿಮಾನವು 1,000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ, ಕಣ್ಣಳತೆಯಲ್ಲಿ ಇಳಿಯುವಾಗಲಾದರೆ ಸಾಮಾನ್ಯವಾಗಿ 500 ಅಡಿಗೆ ಬರುವಷ್ಟರಲ್ಲಿ, ಸರಿಯಾದ ಗೆರೆಯಲ್ಲಿ, ಸರಿಯಾದ ವೇಗದಲ್ಲಿ, ಚಕ್ರಗಳನ್ನು ಇಳಿಬಿಟ್ಟು ಸಿದ್ಧವಾಗಿರಬೇಕು. ಇಲ್ಲದಿದ್ದರೆ ಎಂಜಿನ್ ಶಕ್ತಿ ಹೆಚ್ಚಿಸಿ ಮತ್ತೆ ಮೇಲಕ್ಕೇರಬೇಕು. ಇದಕ್ಕೆ ‘ಗೋ ಅರೌಂಡ್’ ಎನ್ನುತ್ತಾರೆ. ಕೈ ಟಾಕ್‌ನ ತಿರುವು, ಪಾರೊದ ತಿರುವು ಈ ನಿಯಮಕ್ಕೆ ವಿಶೇಷ ವಿನಾಯಿತಿಗಳು. ವಿನಾಯಿತಿಯೆಂಬ ಅರಿವೇ ಅಲ್ಲಿ ಪೈಲಟ್‌ಗಳನ್ನು ಎಚ್ಚರದಲ್ಲಿಟ್ಟಿದೆ.

ಮಂಗಳೂರಿನ ಬಜ್ಪೆ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಬಂದಿಳಿದು ಆರಂಭಗೊಂಡ ಈ ನಿಲ್ದಾಣ ಮುರಕಲ್ಲಿನ ಗುಡ್ಡದ ತಲೆಯನ್ನು ಸಮಮಾಡಿ ನಿರ್ಮಿಸಿದ್ದು. ಸುತ್ತ ಕಣಿವೆ, ನಡುವೆ ಮೇಜಿನ ಹಲಗೆಯಂತೆ ರನ್‌ವೇ ಇರುವುದರಿಂದ ಇಂಥವನ್ನು ಟೇಬಲ್‌ಟಾಪ್ ಎನ್ನುತ್ತಾರೆ. ಇಳಿಯುವಾಗ ಕೆಳಗಿನ ನೆಲ ಆಳದಲ್ಲಿದ್ದು ರನ್‌ವೇಯ ಅಂಚಿಗೆ ಬರುವಾಗ ಥಟ್ಟನೆ ಮೇಲೆದ್ದು ಬರುತ್ತದೆ. ನೆಲದಿಂದ ಎತ್ತರವನ್ನು ಅಳೆಯುವ ರೇಡಿಯೊ ಮಾಪಕದ ಅಂಕಿಗಳೂ ಹಾಗೆಯೇ ಒಮ್ಮೆಲೆ ಕುಸಿಯುತ್ತವೆ. 1,615 ಮೀಟರಿನ ಹಳೆಯ ರನ್‌ವೇಗೆ ಹೋಲಿಸಿದರೆ 2006ರಲ್ಲಿ ತೆರೆದ 2,450 ಮೀಟರಿನ ಹೊಸ ರನ್‌ವೇ ಸಾಕಷ್ಟು ಉದ್ದವಾದುದು, ಐಎಲ್‌ಎಸ್ ಸೌಲಭ್ಯವುಳ್ಳದ್ದು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕಣಿವೆಗೆ ಬಿದ್ದು 158 ಮಂದಿ ಸತ್ತು ಎಂಟು ಮಂದಿ ಮಾತ್ರ ಉಳಿದ ದಿನ ಗಾಳಿಯೂ ಶಾಂತವಿತ್ತು, ರನ್‌ವೇಯೂ ಕಾಣುತ್ತಿತ್ತು. ವಿಮಾನ ಇರಬೇಕಾದುದಕ್ಕಿಂತ ಬಹಳ ಮೇಲಿತ್ತು, ವೇಗವೂ ಹೆಚ್ಚಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಸಹ ಪೈಲಟ್ ಗೋ ಅರೌಂಡ್ ಮಾಡಬೇಕೆಂದು ಮೂರು ಬಾರಿ ಹೇಳಿದ್ದನ್ನು ತನಿಖಾ ವರದಿ ದಾಖಲಿಸಿದೆ. ಬಯಲುನೆಲದ ನಿಲ್ದಾಣದಲ್ಲಾಗಿದ್ದರೆ ಹೊಲಕ್ಕೆ ನುಗ್ಗಿ ನಿಲ್ಲಬಹುದಾಗಿದ್ದ ತಪ್ಪನ್ನು ಗುಡ್ಡದ ಅಂಚು ಕ್ಷಮಿಸಲಿಲ್ಲ.

ಬಜ್ಪೆಗೆ ಹಾರುವ ಪೈಲಟ್‌ಗಳಿಗೆ ಆ ರನ್‌ವೇ ಇಷ್ಟವೇ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ಕೆಳಗೆ ತೆಂಗು ಅಡಿಕೆ ತೋಟಗಳ ನಡುವೆ ಹರಿಯುವ ನದಿಗಳು. ಶುಭ್ರವಾದ ಚಳಿಗಾಲದ ಮುಂಜಾವಿನಲ್ಲಿ ಅಲ್ಲಿಯ ಇಳಿಕೆ ದೇಶದ ಅತ್ಯುತ್ತಮವಾದವುಗಳಲ್ಲಿ ಒಂದೆನ್ನಲು ಅಡ್ಡಿಯಿಲ್ಲ. ಜೂನ್ ಬಂತೆಂದರೆ ಅದೇ ಗುಡ್ಡದ ತಲೆಯ ಮೇಲೆ ಮೋಡ ಕೂರುತ್ತದೆ, ಮಳೆಯಲ್ಲಿ ರನ್‌ವೇಯ ಅಂಚು ಮಾಸುತ್ತದೆ. ಆಗ ಒಂದು ಸುತ್ತು ಕಾದು, ಇಳಿಯಲು ನೋಡಿ, ದೀಪಗಳು ಕಾಣದಿದ್ದರೆ ಮೇಲೇರಿ ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಇಳಿದು, ಮೋಡ ಸರಿದ ಮೇಲೆ ಮರಳಿ ಬರುವುದು ಆ ಮಾರ್ಗದಲ್ಲಿ ಮಳೆಗಾಲದ ವಾಡಿಕೆಯಾಗಿದೆ. ಎರಡು ತಾಸು ತಡವಾದುದಕ್ಕೆ ಗೊಣಗುವ ಪ್ರಯಾಣಿಕರೂ ಆ ವಾಡಿಕೆಯ ಭಾಗವೇ.